ಸೈರನ್ ಕೂಗಿದ ಮೇಲಿನ ಇಪ್ಪತ್ತು ನಿಮಿಷ

ಅಪ್ಪ ಗಣಿಯೊಳಗೆ ಇರುವಷ್ಟು ಹೊತ್ತು ನಾವೂ ಮನೆಯೊಳಗೇ ಇರಬೇಕು ಎಂಬುದು ನಮ್ಮಮ್ಮ ಮಾಡಿದ ಕಾನೂನು. ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳಿದ್ದ ಆ ಲೈನಿನ ಬೇರೆ ಯಾವ ಮನೆಯಲ್ಲೂ ಇಂಥ ಕಾನೂನು ಇರಲಿಲ್ಲ. ಪಕ್ಕದ ಮನೆಯ ಸೆಲ್ವಿ ಅತ್ತೆಯಾದರೆ, ಗಂಡ ಗಣಿಗೆ ಇಳಿದ ಹೊತ್ತಿನಲ್ಲೇ ಸಂತೆ, ಸಿನಿಮಾ, ಚೀಟಿ ಮಾತು ಎಲ್ಲ ಮುಗಿಸಿ ಬರುತ್ತಿದ್ದಳು. ನಮ್ಮಮ್ಮ ಬೂದಿಕೋಟೆ ಕಡೆಯ ರಾಗಿ ಹೊಲದಿಂದ ಬಂದವಳು. ನೆಲವನ್ನು ಉಳುವುದು ಗೊತ್ತಿತ್ತು, ಅದರೊಳಕ್ಕೆ ಗಂಡನನ್ನು ಇಳಿಸುವುದು ಗೊತ್ತಿರಲಿಲ್ಲ. 'ನಮ್ಮೂರಾಗೆ ಸತ್ಮೇಲೆ ಮಣ್ಣಿಗೆ ಇಳುಸ್ತಾರೆ, ಇಲ್ಲಿ ದಿನಾ ಇಳುಸ್ತಾರೆ' ಎನ್ನುತ್ತಿದ್ದಳು. ಅಪ್ಪ ಹೊಸ್ತಿಲು ದಾಟಿದ ಮೇಲೆ ಕಸ ಗುಡಿಸುವಂತಿಲ್ಲ, ತಲೆಗೆ ಎಣ್ಣೆ ಹಾಕುವಂತಿಲ್ಲ, ನಾನು ಶಾಲೆಯಿಂದ ನೆಟ್ಟಗೆ ಮನೆಗೆ ಬಂದು ಅವನು ಬರುವ ತನಕ ಬೀದಿಗೆ ಕಾಲಿಡುವಂತಿಲ್ಲ. ಇದ್ದದ್ದೇ ಎರಡು ಕೋಣೆ. ಮುಂದಿನದು ನಾಲ್ಕು ಜನ ಮಲಗಿದರೆ ಐದನೆಯವರು ಕೂರಲಾಗದಷ್ಟು. ಹಿಂದಿನದು ಅಡುಗೆಮನೆ. ಎರಡರ ನಡುವೆ ಬಾಗಿಲಿಲ್ಲ, ಅಮ್ಮನ ಹಳೇ ಸೀರೆಯ ಪರದೆ. ಮೇಲೆ ತಗಡು. ಬೇಸಿಗೆಯ ಮಧ್ಯಾಹ್ನ ಆ ತಗಡಿನ ಕೆಳಗೆ ಕೂತು, ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳುತ್ತ, ಅಪ್ಪ ಯಾಕಾದರೂ ಕೆಲಸಕ್ಕೆ ಹೋಗುತ್ತಾನೋ ಎಂದು ನಾನು ಸಿಟ್ಟಿನಿಂದ ಹಲ್ಲು ಕಡಿಯುತ್ತಿದ್ದೆ. ಭಯ ಅಮ್ಮನಿಗೆ, ಸೆರೆವಾಸ ನನಗೆ. ಯಾವ ನ್ಯಾಯ?

ನನ್ನ ಸಿಟ್ಟು ಅಪ್ಪನಿಗೆ ತಿಳಿಯುತ್ತಿತ್ತು. ಅವನು ಮುನಿವೆಂಕಟಪ್ಪ, ಗಣಿಯೊಳಗಿನ ನೀರೆತ್ತುವ ಪಂಪು ನೋಡಿಕೊಳ್ಳುವವನು. ಕಡಿಮೆ ಮಾತಿನ ಮನುಷ್ಯ. ಒಂದು ದಿನ ಯಾರಿಗೂ ಹೇಳದೆ ಬಂಗಾರಪೇಟೆಗೆ ಹೋಗಿ, ಮರದ ಬಾಗಿಲಿರುವ ಕಪ್ಪುಬಿಳುಪು ಟೀವಿಯೊಂದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಮಗುವಿನ ಹಾಗೆ ಟವಲು ಹೊದಿಸಿ ತಂದ. ಅಮ್ಮ ಬಾಯಿಗೆ ಬಂದಂತೆ ಬೈದಳು. ಅಪ್ಪ ನಕ್ಕು ಇಷ್ಟೇ ಹೇಳಿದ:

"ಅಮ್ಮಣ್ಣೀನ ಆಚೆಗೆ ಬುಡಲ್ಲ ಅಂತೀಯ. ಅದಕ್ಕೇ ಆಚೇನೇ ಒಳೀಕ್ ತಂದಿವ್ನಿ."

ಆ ಲೈನಿಗೆಲ್ಲ ಅದೊಂದೇ ಟೀವಿ. ಭಾನುವಾರ ಬೆಳಗ್ಗೆ ಆಕಾಶಹಡಗಿನ ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ನಕ್ಷತ್ರದಿಂದ ನಕ್ಷತ್ರಕ್ಕೆ ತಿರುಗುವ ಒಂದು ಹಡಗು, ಅದಕ್ಕೊಬ್ಬ ಕ್ಯಾಪ್ಟನ್, ವಾರಕ್ಕೊಂದು ಕಂಟಕ. ಒಂಬತ್ತೂವರೆಗೇ ನಮ್ಮ ಮುಂದಿನ ಕೋಣೆ ತುಂಬುತ್ತಿತ್ತು. ಹೆಂಗಸರು ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಮುಂದೆ, ಮುದುಕರು ಗೋಡೆಗೆ, ಗಂಡಸರು ಬಾಗಿಲಲ್ಲಿ ನಿಂತುಕೊಂಡು. ಹೊಸ್ತಿಲಾಚೆ ಚಪ್ಪಲಿ ರಾಶಿ. ಯಾರಿಗೂ ಇಂಗ್ಲಿಷ್ ಬರದು. ನಾನು ಇಂಗ್ಲಿಷ್ ಮೀಡಿಯಂ ಏಳನೇ ಕ್ಲಾಸು. ಟೀವಿಯ ಪಕ್ಕ ನಿಂತು ಕನ್ನಡದಲ್ಲೊಂದು ಸಲ, ತಮಿಳಿನಲ್ಲೊಂದು ಸಲ ಕತೆ ಹೇಳುವುದು ನನ್ನ ಕೆಲಸ. ಅರ್ಧಕ್ಕರ್ಧ ನನಗೂ ಅರ್ಥವಾಗುತ್ತಿರಲಿಲ್ಲ, ಅಲ್ಲೆಲ್ಲ ನನ್ನದೇ ಕತೆ. ವಾರವಿಡೀ ಕೂಡಿಹಾಕಿದ ಹುಡುಗಿಗೆ ಆ ಒಂದು ಗಂಟೆ ಇಡೀ ಲೈನು ಬಾಯಿಬಿಟ್ಟುಕೊಂಡು ಕೂತಿರುತ್ತಿತ್ತು. ಸೊಕ್ಕು ಬರದೆ ಇರುತ್ತದೆಯೇ? ಬಂದಿತ್ತು. ಸೆಲ್ವಿ ಅತ್ತೆಯ ಗಂಡ ಆರ್ಮುಗಂ ಮಾಮ ಅದನ್ನು ಸಹಿಸಿಕೊಂಡು ಛೇಡಿಸುತ್ತಿದ್ದರು. ಗಣಿಯೊಳಗೆ ಕುಸಿಯುವ ಕಡೆ ಮರದ ಆಸರೆ ಕೊಡುವ ಕೆಲಸ ಅವರದು, ಅಪ್ಪನ ಜೀವದ ಗೆಳೆಯ.

"ಪಾಪಾ, ಆ ಕ್ಯಾಪ್ಟನ್ ಎರಡೇ ಮಾತು ಆಡಿದಾನೆ, ನೀನು ಹತ್ತು ಮಾತು ಹೇಳ್ತೀಯಲ್ಲಮ್ಮಾ!"

ಆ ಭಾನುವಾರ ಅಪ್ಪ ರಾತ್ರಿ ಪಾಳಿ ಮುಗಿಸಿ ಬರುವುದು ತಡವಾಯಿತು. ಅವನು ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿನಲ್ಲಿ ಅಂದು ಹಗ್ಗ ಪರೀಕ್ಷೆ ಮಾಡುವ ದಿನ, ಜನರನ್ನು ಇಳಿಸಿ ಏರಿಸುವ ಕೇಜು ನಿಂತಿತ್ತು. ಅಂಥ ದಿನ ಪಂಪಿನವರು ನೆಲದಡಿಯಲ್ಲೇ ಹಳೆಯ ಸುರಂಗವೊಂದರಲ್ಲಿ ನಡೆದು, ಇನ್ನೊಂದು ಶಾಫ್ಟಿನಿಂದ ಮೇಲೆ ಬರಬೇಕು. ಇನ್ನೊಂದು ನಿಯಮವೂ ಇತ್ತು. ಕೆಳಗಿಳಿಯುವವನು ತನ್ನ ಶಾಫ್ಟಿನ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಈಸಿಕೊಳ್ಳಬೇಕು, ಮೇಲೆ ಬಂದು ಅದೇ ಕಿಟಕಿಗೆ ವಾಪಸು ಕೊಡಬೇಕು. ಕಿಟಕಿಯೊಳಗೆ ಅವನ ನಂಬರಿನ ಮೊಳೆಗೆ ಬಿಲ್ಲೆ ಬಂದು ಬೀಳದಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದೇ ಲೆಕ್ಕ. ಬೇರೆ ಶಾಫ್ಟಿನಿಂದ ಬಂದ ಅಪ್ಪ ಬಿಲ್ಲೆ ಕೊಡಲು ತನ್ನ ಶಾಫ್ಟಿನ ತನಕ ಮತ್ತೊಂದು ಮೈಲಿ ನಡೆಯಬೇಕಿತ್ತು. ದಾರಿಯಲ್ಲಿ ಮೊದಲು ಸಿಕ್ಕಿದ್ದು ಮನೆ. ಹೊಟ್ಟೆ ಹಸಿದಿತ್ತು, ಹತ್ತು ಗಂಟೆಯಾಗುತ್ತ ಬಂದಿತ್ತು. ಹಡಗಿನ ಕತೆ ಅವನಿಗೂ ಹುಚ್ಚು, ಸಂಕೋಚಕ್ಕೆ ಪರದೆಯ ಹಿಂದೆ ಕೂತು ನೋಡುತ್ತಾನೆ ಎಂದು ನನಗೂ ಅಮ್ಮನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನೋಡಿಕೊಂಡೇ ಹೋಗಿ ಕೊಟ್ಟರಾಯಿತು ಎಂದುಕೊಂಡ. ಮುಂದಿನ ಬಾಗಿಲಲ್ಲಿ ಜನ ತುಂಬಿದ್ದರಿಂದ ಹಿತ್ತಲ ಓಣಿಯಿಂದ ಅಡುಗೆಮನೆಗೆ ಬಂದು, ಮುಖ ತೊಳೆದು, ಬಿಲ್ಲೆ ಜೇಬಿನಲ್ಲಿದ್ದ ಅಂಗಿಯನ್ನು ಬಿಚ್ಚಿ ಮೊಳೆಗೆ ತೂಗುಹಾಕಿದ. ಅಮ್ಮ ಕೊಟ್ಟ ರೊಟ್ಟಿಯ ತಟ್ಟೆ ಹಿಡಿದು ಪರದೆಯ ಹಿಂದೆ ಕೂತ. ಸಂದಿನಿಂದ ಅವನ ಒಂದು ಕಣ್ಣು, ಒಂದು ಮೊಣಕಾಲು ನನಗೆ ಕಾಣುತ್ತಿದ್ದವು. ಮಿಕ್ಕವರಿಗೆ ಕಾಣುತ್ತಿರಲಿಲ್ಲ.

ಆವತ್ತಿನ ಕತೆ ಹೀಗಿತ್ತು. ಹಡಗಿನ ಮೂವರು ಕೆಳಮಾಳಿಗೆಯ ಒಂದು ಕೋಣೆಗೆ ಹೋಗುತ್ತಾರೆ. ಹೊರಗೆ ಏನೋ ಅನಿಲ ಸೋರಿ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ತೆಗೆದರೆ ಅನಿಲ ಒಳಗೆ ನುಗ್ಗುತ್ತದೆ, ತೆಗೆಯದಿದ್ದರೆ ಒಳಗಿನ ಗಾಳಿ ಮುಗಿಯುತ್ತದೆ. ನಮ್ಮ ಲೈನಿನವರಿಗೆ ನಕ್ಷತ್ರದ ಹಡಗು ಅರ್ಥವಾಗದೆ ಇರಬಹುದು, ಗಾಳಿ ಮುಗಿಯುವುದು ಎಂದರೆ ಏನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಎರಡೂ ಭಾಷೆಯಲ್ಲಿ ಬಾಯಿ ಒಣಗುವಷ್ಟು ಹೇಳುತ್ತಿದ್ದೆ. ಹಡಗಿನ ಆ ಮೂವರು ಗೋಡೆ ಬಡಿಯುತ್ತಿದ್ದರು. ಆಗ ಸೈರನ್ ಕೂಗಿತು.

ಪಾಳಿ ಬದಲಾಗುವ ಹೊತ್ತಲ್ಲದೆ ಸೈರನ್ ಕೂಗಿದರೆ ಒಂದೇ ಅರ್ಥ, ಕೆಳಗೆ ಯಾರಿಗೋ ಏನೋ ಆಗಿದೆ. ಒಳಗೂ ಹೊಸ್ತಿಲಾಚೆಯೂ ಇದ್ದ ಮೂವತ್ತು ಜನ ಒಂದೇ ಏಟಿಗೆ ಎದ್ದರು. ಮಗುವಿನ ಮೇಲೆ ಮಗು ಬಿತ್ತು, ಯಾರದೋ ಚಪ್ಪಲಿ ಯಾರದೋ ಕಾಲಿಗೆ. ಆರ್ಮುಗಂ ಮಾಮ ಬಾಗಿಲಲ್ಲಿ ತಿರುಗಿ ಅಮ್ಮನನ್ನು ನೋಡಿದರು. ರಾತ್ರಿ ಪಾಳಿಗೆ ಹೋದ ಗೆಳೆಯ ಇನ್ನೂ ಬಂದಿಲ್ಲ ಎಂದೇ ಅವರು ತಿಳಿದಿದ್ದರು.

"ಅಕ್ಕಾ, ನೀನು ಭಯಪಡಬೇಡ. ನಾನು ಹೋಗಿ ಅವನನ್ನ ನೋಡಿಕೊಂಡೇ ಬರ್ತೀನಿ."

"ಇಲ್ಲ ಆರ್ಮುಗಣ್ಣ, ಇವ್ರು ಬಂದವ್ರೆ..." ಎಂದು ಅಮ್ಮ ಹೇಳುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.

ನಮ್ಮ ಲೈನಿನಲ್ಲಿ ಒಂದು ಪದ್ಧತಿ. ಸೈರನ್ ಕೂಗಿದರೆ ಗಂಡಸು ಕೆಳಗಿರುವ ಮನೆಯವರು ಶಾಫ್ಟಿಗೆ ಓಡುತ್ತಾರೆ, ಗಂಡಸು ಮನೆಯಲ್ಲಿರುವವರೂ ಜೊತೆಗೆ ಓಡಬೇಕು. ತಮ್ಮವರು ಕ್ಷೇಮವಾಗಿದ್ದಾರೆಂದು ಮನೆಯಲ್ಲಿ ಉಳಿಯುವುದು ಹೇಸಿಗೆಯ ಕೆಲಸ. ಅಪ್ಪ ಪರದೆ ಸರಿಸಿ ಬಂದ. ಬನಿಯನ್ನಿನಲ್ಲಿದ್ದ.

"ಯಾವ ಶಾಫ್ಟೋ ಏನೋ. ಓಗಿ ನೋಡ್ಕೊಂಡ್ ಬತ್ತೀನಿ. ಅಂಗಿ ಕೊಡು."

ಅಮ್ಮ ಕೊಡಲಿಲ್ಲ. ಗೋಡೆಗೆ ಒರಗಿ, ಎರಡೂ ಕೈಯಿಂದ ತಾಳಿ ಹಿಡಿದುಕೊಂಡು, ಮಾರಿಕಾಂಬೆಗೆ ಏನೋ ಗೊಣಗುತ್ತಿದ್ದಳು. ಇಷ್ಟು ವರ್ಷ ಹೆದರಿದ್ದ ಸದ್ದು ಕೊನೆಗೂ ಬಂದಾಗ ಗಂಡ ಕಣ್ಣೆದುರು ನಿಂತಿದ್ದ. ಅವಳನ್ನು ನಾನು ದೂರುವುದಿಲ್ಲ. ದೂರಬೇಕಾದ್ದು ನನ್ನನ್ನು. ನಾನು ಅಪ್ಪನ ಮುಂಗೈ ಹಿಡಿದೆ.

"ಇನ್ನೊಂಚೂರೇ ಅಪ್ಪ. ಮುಗೀಲಿ, ಆಮೇಲೆ ಓಗು. ಇಬ್ರೂ ನೋಡಾನ."

"ತಪ್ಪಾಯ್ತದೆ ಕಣಮ್ಮಣ್ಣಿ."

"ಯಾವಾಗ್ಲೂ ನೀನು ಒಳಗೇ ಇರ್ತೀಯ, ನಾನೂ ಒಳಗೇ ಇರ್ತೀನಿ. ಇದೊಂದಿನ ಜೊತೇಲಿ ಕೂತ್ಕೋ."

ಅಪ್ಪ ನನ್ನ ಮುಖ ನೋಡಿದ. ಕೂತ. ಒಂದು ವರ್ಷದಿಂದ ಪರದೆಯ ಸಂದಿನಿಂದ ನೋಡಿದವನು ಮೊದಲ ಸಲ ಟೀವಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ನಾನು ಅವನ ತೊಡೆಗೆ ಒರಗಿದೆ. ಯಾರಿಗೂ ಕತೆ ಹೇಳಬೇಕಿರಲಿಲ್ಲ, ಸುಳ್ಳು ಸೇರಿಸಬೇಕಿರಲಿಲ್ಲ. ಅಪ್ಪ ಕೇಳಿದ್ದಕ್ಕಷ್ಟೇ ಮೆಲ್ಲಗೆ ಉತ್ತರ. ಖಾಲಿ ಕೋಣೆ, ರೊಟ್ಟಿಯ ಹೊಗೆ, ಅಪ್ಪನ ಮೈಯ ಗ್ರೀಸಿನ ವಾಸನೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ನನ್ನ ಬಾಲ್ಯದಲ್ಲಿ ಆ ಇಪ್ಪತ್ತು ನಿಮಿಷದಷ್ಟು ಸುಖ ಇನ್ನೊಂದಿಲ್ಲ.

ಕತೆ ಮುಗಿದು ಸಂಗೀತ ಬರುವಾಗ ಅಪ್ಪ ಎದ್ದು ಅಂಗಿಗೆಂದು ಪರದೆಯ ಹಿಂದೆ ಹೋದ. ಅದೇ ಹೊತ್ತಿಗೆ ಬೀದಿಯಲ್ಲಿ ಗೋಳು. ಸೆಲ್ವಿ ಅತ್ತೆ ಮುಂದೆ, ಹಿಂದೆ ಹತ್ತು ಹೆಂಗಸರು, ಎದೆ ಬಡಿದುಕೊಂಡು ನಮ್ಮ ಮನೆಗೇ ನುಗ್ಗಿದರು. ಅತ್ತೆ ಅಮ್ಮನನ್ನು ತಬ್ಬಿಕೊಂಡು ಬಿಕ್ಕಿದಳು.

"ಅಕ್ಕಾ, ನಿನ್ನ ಯಜಮಾನ್ರು ಮೇಲೆ ಬಂದಿಲ್ವಂತೆ ಅಕ್ಕಾ! ಹಳೇ ಸುರಂಗದಲ್ಲಿ ಸಿಕ್ಕಾಕೊಂಡಿದಾರಂತೆ. ನಮ್ಮವರೇ ಹುಡುಕೋಕೆ ಇಳಿದಿದಾರೆ."

ಬೆಳಗ್ಗೆ ಅಪ್ಪನಿಂದ ಪಾಳಿ ವಹಿಸಿಕೊಂಡ ಪಂಪಿನವನು 'ಅವನು ಸುರಂಗ ಹಿಡಿದು ಹೊರಟಿದ್ದ' ಎಂದಿದ್ದ. ಇನ್ನೊಂದು ಶಾಫ್ಟಿಗೆ ಫೋನು ಮಾಡಿದರೆ ಅಲ್ಲಿ ಗೇಟಿನವನೂ ಡ್ಯೂಟಿ ಬದಲಾಗಿ, ಹೊಸಬ 'ನಾನು ನೋಡಿಲ್ಲ' ಎಂದಿದ್ದ. ಮೊಳೆ ಖಾಲಿ. ಅಷ್ಟು ಸಾಕಾಗಿತ್ತು, ಸೈರನ್ ಕೂಗಿದ್ದೇ ಅಪ್ಪನಿಗಾಗಿ. ಅಮ್ಮ ಬಾಯಿಗೆ ಬಂದದ್ದನ್ನು ಕೂಗಿದಳು.

"ಮನ್ಗವ್ರೆ! ಅಯ್ಯೋ, ಒಳಗೆ ಮನ್ಗವ್ರೆ ಕಣೇ! ಆಗ್ಲೇ ಬಂದು ಮನ್ಗುದ್ರು!"

ಪರದೆ ಸರಿಯಿತು. ಅಪ್ಪ ಅಂಗಿಯ ಗುಂಡಿ ಹಾಕುತ್ತಿದ್ದವನು ಜೇಬಿಗೆ ಕೈ ಹಾಕಿ, ಬಿಲ್ಲೆ ತೆಗೆದು, ಅದನ್ನೇ ನೋಡುತ್ತ ನಿಂತ. ಹೆಂಗಸರು ದೆವ್ವ ಕಂಡಂತೆ ಹಿಂದೆ ಸರಿದರು. ಅಪ್ಪ ಬರಿಗಾಲಲ್ಲಿ ಓಡಿದ. ಅವನು ಶಾಫ್ಟು ಮುಟ್ಟುವಷ್ಟರಲ್ಲಿ ಹಳೆಯ ಸುರಂಗದ ಒಂದು ಕಡೆ ಮೇಲಿನ ಬಂಡೆ ಜಾರಿ ಆರ್ಮುಗಂ ಮಾಮನ ಬಲಗಾಲ ಮೇಲೆ ಬಿದ್ದಿತ್ತು. ಅವರು ಅಪ್ಪನ ಹೆಸರು ಕೂಗುತ್ತ, ಆಸರೆ ಕೊಡುವುದಕ್ಕೂ ಕಾಯದೆ ಎಲ್ಲರಿಗಿಂತ ಮುಂದೆ ಹೋಗಿದ್ದರಂತೆ. ಕಾಲು ಉಳಿಯಲಿಲ್ಲ, ಮೊಣಕಾಲಿನಿಂದ ಕೆಳಗೆ ತೆಗೆದರು.

ಸೈರನ್ ಕೂಗಿದಾಗಲೇ ಅಪ್ಪ ಬೀದಿಗೆ ಇಳಿದಿದ್ದರೆ ಎದುರಾದ ಮೊದಲನೆಯವನೇ ಅವನನ್ನು ನೋಡಿ ಕೂಗಿ ಹೇಳುತ್ತಿದ್ದ. ಇನ್ನೊಂದು ಶಾಫ್ಟಿನಲ್ಲಿ ಹುಡುಕುವವರ ಕೇಜು ಇಳಿಯುವ ಮೊದಲೇ ಎಲ್ಲ ನಿಲ್ಲುತ್ತಿತ್ತು. ಇದು ನಮ್ಮ ಮೂವರಿಗೇ ಗೊತ್ತು. ವಿಚಾರಣೆಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: ಬಿಲ್ಲೆ ಕೊಡಲು ಮರೆತೆ, ರಾತ್ರಿ ನಿದ್ದೆಗೆಟ್ಟಿದ್ದೆ, ಮಲಗಿಬಿಟ್ಟೆ, ಸೈರನ್ ಕೇಳಿಸಲಿಲ್ಲ. ಪಂಪಿನ ಕೆಲಸದಿಂದ ತೆಗೆದು, ಕೆಳಗಿಳಿಯುವವರಿಗೆ ತಲೆಯ ದೀಪ ಕೊಡುವ ಕೋಣೆಯಲ್ಲಿ ಕೂರಿಸಿದರು. ಅಮ್ಮನ ಆಸೆ ಹೀಗೆ ಈಡೇರಿತು, ಗಂಡ ಇನ್ನು ಮಣ್ಣಿನೊಳಗೆ ಇಳಿಯುವಂತಿಲ್ಲ. ಅವಳು ಒಂದು ದಿನವೂ ನಗಲಿಲ್ಲ. ದೀಪ ಈಸಿಕೊಳ್ಳುವ ಪ್ರತಿಯೊಬ್ಬನೂ 'ಏನಪ್ಪಾ ಕುಂಭಕರ್ಣ, ಎದ್ದೆಯಾ?' ಎಂದು ಕೇಳಿಕೊಂಡೇ ಹೋಗುತ್ತಿದ್ದ. ಅಪ್ಪ 'ಎದ್ದೆ' ಎನ್ನುತ್ತಿದ್ದ.

ನಾನು ಒಮ್ಮೆ ತಡೆಯಲಾರದೆ ಅತ್ತುಬಿಟ್ಟೆ.

"ಅಪ್ಪ, ನಾನೇ ಹಿಡ್ಕೊಂಡಿದ್ದೆ ಅಂತ ಹೇಳ್ಬುಡ್ತೀನಿ."

"ಏನಂತ ಹೇಳ್ತೀಯ? ನಮ್ಮಪ್ಪ ಎದ್ದೇ ಇದ್ದ, ಸೈರನ್ ಕೇಳ್ಕಂಡು ಟೀವಿ ನೋಡ್ತಾ ಕೂತಿದ್ದ ಅಂತಾನ?"

ನಿಜ ಹೇಳಿದರೆ ನನ್ನ ಹೊರೆ ಇಳಿಯುತ್ತದೆ, ಅಪ್ಪ ಮುಗಿಯುತ್ತಾನೆ. ಮಲಗಿದ್ದವನನ್ನು ಲೈನು ಗೇಲಿ ಮಾಡಿ ಕ್ಷಮಿಸಿತ್ತು. ಎದ್ದಿದ್ದವನನ್ನು ಕ್ಷಮಿಸುವುದಿಲ್ಲ.

ಅಲ್ಲಿಂದಾಚೆ ನಮ್ಮ ಮನೆಗೆ ಬೀಗವೇ ಬೇಕಾಗಲಿಲ್ಲ. ಅಮ್ಮನ ಕಾನೂನು ತಾನಾಗಿ ಸತ್ತಿತ್ತು, ನಾನು ಬೀದಿಗೆ ಹೋಗಬಹುದಿತ್ತು, ಹೋಗಲಿಲ್ಲ. ಸೆಲ್ವಿ ಅತ್ತೆಯ ಮನೆಯ ಮುಂದೆ ಹಾದುಹೋಗುವುದು ನನ್ನಿಂದಾಗುತ್ತಿರಲಿಲ್ಲ. ಟೀವಿಯ ಬಾಗಿಲು ಮುಚ್ಚಿ ಅದರ ಮೇಲೆ ಅಕ್ಕಿ ಡಬ್ಬ ಇಟ್ಟಿದ್ದಳು ಅಮ್ಮ. ಭಾನುವಾರ ಬೆಳಗ್ಗೆ ಅಪ್ಪ ಬೇಕೆಂದೇ ಚಾಪೆ ಹಾಸಿ ಮಲಗುತ್ತಿದ್ದ. ಹಗಲು ಪಾಳಿಯವನಿಗೆ ಆ ಹೊತ್ತಿಗೆಂಥ ನಿದ್ದೆ? ಬೀದಿಯಲ್ಲಿ ಹೋಗುವವರು ಬಗ್ಗಿ ನೋಡಿದರೆ ಮಲಗಿರುವುದು ಕಾಣಲಿ ಎಂದು, ನಿದ್ದೆಬುರುಕ ಎಂಬ ಹೆಸರನ್ನು ಗಟ್ಟಿ ಮಾಡಿಕೊಳ್ಳಲೆಂದು ಮಲಗುತ್ತಿದ್ದ. ಮುಚ್ಚಿದ ರೆಪ್ಪೆಯ ಕೆಳಗೆ ಅವನ ಕಣ್ಣು ಅತ್ತಿತ್ತ ಓಡಾಡುತ್ತಿದ್ದುದನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ನನಗೆ ಕಿರುಚಬೇಕು ಅನ್ನಿಸುತ್ತಿತ್ತು. ಅಮ್ಮ ಅನ್ನ ಬಸಿಯುತ್ತಿದ್ದಳು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಊರುಗೋಲಿನ ಸದ್ದು ಕೇಳಿತು. ಆರ್ಮುಗಂ ಮಾಮ. ಆಸ್ಪತ್ರೆಗೆ ಅಪ್ಪ ದಿನವೂ ಹೋಗುತ್ತಿದ್ದ, ಆದರೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅಪ್ಪ ಧಡಕ್ಕನೆ ಎದ್ದು ಕೂತ. ಮಾಮ ಗೋಡೆ ಹಿಡಿದು ಕೂತು, ಊರುಗೋಲನ್ನು ಪಕ್ಕಕ್ಕೆ ಮಲಗಿಸಿ ನಕ್ಕರು. ಇಳಿದುಹೋಗಿದ್ದರು, ನಗು ಮಾತ್ರ ಹಳೆಯದೇ.

"ಮಲಕ್ಕೋ, ಮಲಕ್ಕೋ. ನನ್ನ ನೋಡಿ ಯಾಕೆ ಏಳ್ತೀಯ? ಮುನಿವೆಂಕಟಪ್ಪಾ, ಎಷ್ಟು ಸಾರಿ ಹೇಳೋದು ನಿಂಗೆ. ರಾತ್ರಿ ಪಾಳಿ ಮಾಡಿದೋನು ಮಲಗದೆ ಇನ್ನೇನು ಮಾಡ್ತಾನೆ? ನಾನಾಗಿದ್ರೂ ಮಲಗ್ತಿದ್ದೆ. ದೇವರು ಕೊಟ್ಟ ನಿದ್ದೆ, ಅದಕ್ಕೆ ನಿನ್ನ ಮೇಲೆ ಏನು ಕೋಪ?"

ಅಪ್ಪ ತಲೆ ತಗ್ಗಿಸಿದ. ಅಮ್ಮ ಕಾಫಿ ತಂದಿಟ್ಟಳು. ಮಾತು ಬೇರೆ ಕಡೆ ಹೋಗಲಿ ಎಂದೋ ಏನೋ, ಮಾಮ ನನ್ನತ್ತ ತಿರುಗಿದರು.

"ಪಾಪಾ, ಆವತ್ತು ಆ ಕತೆ ಅರ್ಧಕ್ಕೇ ನಿಂತೋಯ್ತಲ್ಲ. ಆಸ್ಪತ್ರೇಲಿ ಮಲಗಿ ಅದೇ ಯೋಚನೆ ನಂಗೆ. ಆ ಮೂರು ಜನ ಬದುಕಿದ್ರಾ? ನೀನು ಪೂರಾ ನೋಡಿದ್ದೀಯ ಅಲ್ವಾ? ಹೇಳಮ್ಮಾ."

ಇಡೀ ಲೈನಿನಲ್ಲಿ ಆ ಕೊನೆ ನೋಡಿದವರು ನಾವು ಮಾತ್ರ. ನೋಡಲು ಕೊಟ್ಟ ಬೆಲೆ ನನ್ನೆದುರು ಮಡಚಿ ಪಿನ್ನು ಹಾಕಿದ ಪಂಚೆಯಲ್ಲಿ ಕೂತಿತ್ತು. ಹೇಳದೆ ಬೇರೆ ದಾರಿ ಇರಲಿಲ್ಲ. ಎರಡು ಮಾತಿನಲ್ಲಿ ಮುಗಿಸೋಣವೆಂದು ಗಡಿಬಿಡಿಯಲ್ಲಿ ಹೇಳಿದೆ: ಗಾಳಿ ಮುಗೀತಾ ಬಂತು, ಕೊನೇ ಗಳಿಗೇಲಿ ಕ್ಯಾಪ್ಟನ್ ಬಾಗಿಲು ತೆಗೆದ, ಮೂವರೂ ಆಚೆ ಬಂದ್ರು, ಎಲ್ಲಾರೂ ನಕ್ಕರು.

"ಬಾಗ್ಲು ತೆಗೆದ್ನಾ? ತೆಗೆದ್ರೆ ಅನಿಲ ಒಳಗೆ ಬರಲ್ವಾ?" ಮಾಮ ಹುಬ್ಬು ಗಂಟಿಕ್ಕಿದರು. ಮೂವತ್ತು ವರ್ಷ ಕುಸಿಯುವ ಕಡೆ ಕೆಲಸ ಮಾಡಿದ ಮನುಷ್ಯ, ಸುಮ್ಮನೆ ಒಪ್ಪುವವರಲ್ಲ.

ನಾನು ತಡವರಿಸಿದೆ. ಆಗ ಅಪ್ಪ ತಲೆಯೆತ್ತಿದ.

"ಬಾಗ್ಲು ತೆಗೀಲಿಲ್ಲ ಕಣೋ ಆರ್ಮುಗಂ. ಆ ಬೋಳುತಲೆ ಮೆಕ್ಯಾನಿಕ್ ಇದ್ನಲ್ಲ, ಅವನು ಕೆಳಗಡೆಯಿಂದ ತೆವಳ್ಕೊಂಡ್ ಬಂದು ನೆಲದ ತಗಡು ಬಿಚ್ದ. ಒಬ್ಬೊಬ್ರನ್ನೇ ಕಾಲಿಡಿದು ಕೆಳೀಕ್ ಎಳ್ಕಂಡ."

ಹೇಳುತ್ತ ಅವನ ಎರಡು ಕೈಯೂ ಗಾಳಿಯಲ್ಲಿ ತಗಡು ಬಿಚ್ಚಿದವು. ಆಮೇಲೆ ಹಾಗೇ ನಿಂತವು. ಅಡುಗೆಮನೆಯಲ್ಲಿ ಅಮ್ಮ 'ಅಯ್ಯೋ' ಎಂದದ್ದು ಕೇಳಿಸಿತು. ಆರ್ಮುಗಂ ಮಾಮ ಅಪ್ಪನನ್ನೇ ನೋಡಿದರು. ಮುಖದಿಂದ ನಗು ಹೋಯಿತು. ಕೋಪ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ಕೋಪ ಬರಲಿಲ್ಲ. ತಮ್ಮ ಗೆಳೆಯನ ಗುರುತು ಹತ್ತದವರ ಹಾಗೆ ನೋಡಿದರು.

"ನೀನು ಎದ್ದಿದ್ದೆ" ಎಂದರು.

"ಊಂ" ಎಂದ ಅಪ್ಪ. "ಎದ್ದಿದ್ದೆ. ಸೈರನ್ ಕೇಳ್ತು."

ಮಾಮ ಊರುಗೋಲಿಗೆ ಕೈ ಚಾಚಿದರು. ಅಪ್ಪ ಎಬ್ಬಿಸಲೆಂದು ತೋಳು ಹಿಡಿಯಲು ಹೋದ. ಮಾಮ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು, ಮೂರು ಸಲ ಜಾರಿ, ನಾಲ್ಕನೆಯ ಸಲ ತಾವೇ ಎದ್ದರು. ಕಾಫಿ ಮುಟ್ಟಿರಲಿಲ್ಲ. ಹೊಸ್ತಿಲು ದಾಟುವಾಗ ತಿರುಗಿ ನೋಡಲಿಲ್ಲ. ಊರುಗೋಲಿನ ಸದ್ದು ಅವರ ಮನೆಯ ಬಾಗಿಲ ತನಕ ಕೇಳಿತು. ಆಮೇಲೆ ಅವರು ನಮ್ಮ ಮನೆಗೆ ಯಾವತ್ತೂ ಬರಲಿಲ್ಲ.

ಅಪ್ಪ ಬಾಯಿ ತಪ್ಪಿ ಅಂದನೋ, ಬೇಕೆಂದೇ ಅಂದನೋ ನನಗೆ ಈಗಲೂ ತಿಳಿಯದು. ಆವತ್ತು ಅವನು ಚಾಪೆ ಸುತ್ತಿ ಮೂಲೆಗಿಟ್ಟ. ಅಮ್ಮ ತಲೆ ಚಚ್ಚಿಕೊಂಡಳು.

"ಯಾಕಂದ್ರಿ? ಇನ್ನು ಲೈನಾಗೆ ತಲೆಯೆತ್ಕಂಡು ಬದುಕಾದೆಂಗೆ?"

"ಬುಡು ನಾರಾಯಣಿ. ಅವನ್ಮುಂದೆ ಮನ್ಗಿದೋನಂಗೆ ಇರಾಕೆ ನಂಗಾಗಲ್ಲ."

ಮಾರನೆಯ ದಿನದಿಂದ ದೀಪದ ಕೋಣೆಯಲ್ಲಿ ಯಾರೂ ಅಪ್ಪನನ್ನು ಗೇಲಿ ಮಾಡಲಿಲ್ಲ. ಮಾತೇ ಆಡಲಿಲ್ಲ. ಕೈ ಚಾಚುತ್ತಿದ್ದರು, ದೀಪ ಈಸಿಕೊಂಡು ಹೋಗುತ್ತಿದ್ದರು. ಏನು ನೋಡುತ್ತ ಕೂತಿದ್ದೆ, ಯಾಕೆ ಕೂತೆ ಎಂದು ಕೇಳಿದವರಿಗೂ ಅವನು ನನ್ನ ಹೆಸರು ಹೇಳಲಿಲ್ಲ. ಅದೇ ಬೀದಿಯಲ್ಲಿ ನಾನು ಇನ್ನೂ ಆರು ವರ್ಷ ಇದ್ದೆ. ಆರ್ಮುಗಂ ಮಾಮನ ಬಾಗಿಲು ನಮ್ಮ ಬಾಗಿಲಿನಿಂದ ಹತ್ತು ಹೆಜ್ಜೆ. ನಾನೂ ಹೇಳಲಿಲ್ಲ.